‘ನನ್ನಪ್ಪ’ ಇಲ್ಲದ ಹಾಡು

ನಮ್ಮ ಕಡೆ ಸತ್ತವರ ಮುಂದೆ ಕೂತ ಹೆಂಗಸರು ಬರೀ ಅಳುವುದಿಲ್ಲ, ಹಾಡಾಡಿಕೊಂಡು ಅಳುತ್ತಾರೆ. ಸತ್ತವನು ಏನು ಉಣ್ಣುತ್ತಿದ್ದ, ಯಾವ ಅಂಗಿ ಇಷ್ಟಪಡುತ್ತಿದ್ದ, ಕೊನೆಯ ಸಲ ಯಾರ ಮೇಲೆ ಮುನಿಸಿಕೊಂಡಿದ್ದ, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ಉಸಿರು ಮುಗಿದಲ್ಲಿ ಸಾಲು ಮುಗಿಯುತ್ತದೆ.

ಯಶವಂತನಗರದ ಒಂದು ಮನೆಯಲ್ಲಿ ನಾನು ಅಂಥ ಅಳು ಕೇಳಿದ್ದು ವರದಿಗೆ ಹೋದಾಗ. ಅದಿರು ತುಂಬಿದ ಟಿಪ್ಪರ್ ಸಂಡೂರಿನ ಇಳಿಜಾರಿನಲ್ಲಿ ಮಗುಚಿ, ಅದರ ಚಾಲಕ ಸತ್ತಿದ್ದ. ಆಗ ನಾನು ಹೊಸಪೇಟೆಯಲ್ಲಿದ್ದು ಪತ್ರಿಕೆಯೊಂದರ ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುತ್ತಿದ್ದೆ. ನನಗೆ ಬೇಕಿದ್ದದ್ದು ಸತ್ತವನ ಹೆಸರು, ವಯಸ್ಸು, ಊರು. ಅಷ್ಟನ್ನು ಬರೆದುಕೊಂಡ ಮೇಲೂ ಬಾಗಿಲ ಬಳಿ ನಿಂತೇ ಇದ್ದೆ.

ತಾಯಿ ಮಗನ ಎದೆಯ ಮೇಲೆ ಕೈಯಿಟ್ಟು, ಅವನ ಹೆಸರು ಹಿಡಿದು ಅಳುತ್ತಿದ್ದರು. “ಬಿಸಿ ರೊಟ್ಟಿ ಆರಿ ಹ್ವಾದ್ವೋ ನನ್ನಪ್ಪ, ಲೋಡ ಇಳಿಸಿ ಬಾರೋ ನನ್ನಪ್ಪ.” ಮಗನನ್ನು ‘ಅಪ್ಪ’ ಎನ್ನುವುದು ನಮ್ಮಲ್ಲಿ ಮುದ್ದಿನ ಮಾತು. ಪಕ್ಕದಲ್ಲಿ ಕೂತ ಬಂಧುವೊಬ್ಬಳು ಮೊಬೈಲ್ ಹಿಡಿದು ಆ ದನಿಯನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಸತ್ತವನ ಅಕ್ಕ ಕಂಪ್ಲಿಯಿಂದ ಹೊರಟು ದಾರಿಯಲ್ಲಿ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದಳು. ತಮ್ಮನ ಮುಖ ನೋಡಲು ಆಗದಿದ್ದರೆ ತಾಯಿಯ ಅಳುವನ್ನಾದರೂ ಅವಳು ಕೇಳಲಿ ಎಂದು ಆ ರೆಕಾರ್ಡಿಂಗ್. ಅಕ್ಕ ಬಂದು ಮುಟ್ಟಿದ್ದು ಮಣ್ಣು ಮಾಡಿ ಮುಗಿದ ಮೇಲೆ.

ಸತ್ತವನಿಗೆ ಒಬ್ಬ ತಮ್ಮನಿದ್ದ. ಅವನೂ ಟಿಪ್ಪರ್ ಓಡಿಸುತ್ತಿದ್ದ. ಲೋಡು ತೂಗುವ ವೇಬ್ರಿಡ್ಜ್ ಮುಂದೆ ಸರದಿಗೆ ಕಾಯುವಾಗ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ, ಉಸಿರು ಬಿಡದೆ ಪ್ರಾಸ ಕಟ್ಟಿ ಮಾತಾಡುವುದು ಅವನ ಹವ್ಯಾಸ. ಪಂಕ್ಚರ್, ಪರ್ಮಿಟ್, ಮಾಲೀಕನ ಬೈಗುಳ, ಅದಿರಿನ ದೂಳಿಗೆ ಕೆಂಪಗೆ ಬರುವ ಉಗುಳು, ಎಲ್ಲವೂ ಅದರೊಳಗೆ. ಟೀವಿಯಲ್ಲಿ ನೋಡಿ ಅದಕ್ಕೆ ರ‍್ಯಾಪ್ ಎನ್ನುತ್ತಾರೆಂದು ತಿಳಿದುಕೊಂಡಿದ್ದ. ಅಣ್ಣ ಸತ್ತ ಕೆಲವು ತಿಂಗಳಿಗೆ, ಅಣ್ಣನ ಮೇಲೊಂದು ಹಾಡಿರುವ ಆಲ್ಬಂ ಮಾಡುತ್ತೇನೆ ಎಂದು, ವರದಿಗೆ ಬಂದಿದ್ದ ನನ್ನನ್ನು ಹುಡುಕಿಕೊಂಡು ಬಂದ. ಹಾಡಿನ ನಡುವೆ ತಾಯಿಯ ದನಿ ಬರಬೇಕೆಂಬುದು ಅವನ ಆಸೆ.

ಅದನ್ನು ಅವನು ತಾಯಿಯಲ್ಲಿ ಕೇಳಿದ ದಿನ ನಾನು ಅವರ ಮನೆಯಲ್ಲಿದ್ದೆ. ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಲಕ್ವ ಹೊಡೆದ ತಂದೆ ಮಂಚದ ಮೇಲಿದ್ದರು.

“ಅವ್ವಾ, ಅವತ್ತು ಅತ್ತಿದ್ದೆಲಾ, ಅದನ್ನ ಒಂದ್ಸಲ ಮೈಕಿನ ಮುಂದ ಹೇಳಬೇ.”

“ಹುಚ್ಚ ಹಿಡದೈತೇನೋ? ಹೆಣಾ ಇಲ್ಲದ ಜಾಗದಾಗ ಹಂಗ ಅಳತಾರೇನು? ಇನ್ನೊಂದ ಸಾವು ಕರದಂಗ ಆಗ್ತೈತಿ.”

“ಅಕಿ ನನಗ ಬೈಯೋದು ರೆಕಾರ್ಡ್ ಮಾಡೋ ಲೇ,” ಎಂದರು ತಂದೆ ತೊದಲುತ್ತ. “ಎರಡ್ ಕ್ಯಾಸೆಟ್ ತುಂಬತಾವು.”

ತಾಯಿ ಮೊರ ಕುಟ್ಟಿ ಗಂಡನ ಕಡೆ ನೋಡಿದರು, ನಕ್ಕರು. ಮಗ ಬಿಡಲಿಲ್ಲ. “ಹಂಗಾರ ಮೊಬೈಲ್‌ನ್ಯಾಗ ಇರೋದ ಹಾಕ್ಲೇನು?”

ಆಕೆ ಬಹಳ ಹೊತ್ತು ಜೋಳದ ಕಲ್ಲು ಆರಿಸಿದರು. “ಅದ್ರಾಗ ಅವನ ಹೆಸರ ಬರತೈತೇನು?”

“ಬರತೈತಿ. ನೀ ಹೆಸರ ಹಿಡದ ಅತ್ತಿ ಅಲಾ.”

“ಹಾಕು ಹಂಗಾರ. ನಾಕ ಮಂದಿ ಕೇಳಿ, ಹಿಂಗೊಬ್ಬ ಇದ್ದ ಅನಬೇಕು. ಪೇಪರ್‌ನ್ಯಾಗ ಚಾಲಕ ಸಾವು ಅಂತ ಬಂತು. ಅಂವ ಬರೇ ಚಾಲಕ ಆಗಿದ್ನೇನು?”

ಆ ಮಾತನ್ನು ಅವರು ನನ್ನ ಕಡೆ ನೋಡಿ ಹೇಳಲಿಲ್ಲ. ಸುದ್ದಿಯ ಒಳಗೆ ಹೆಸರಿತ್ತು, ತಲೆಬರಹದಲ್ಲಿ ಇರಲಿಲ್ಲ.

ಆಲ್ಬಂ ತಯಾರಾದದ್ದು ಹೊಸಪೇಟೆಯ ಒಂದು ಮಹಡಿ ಕೋಣೆಯಲ್ಲಿ. ದನಿ ಮಾರ್ದನಿಸದಂತೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಕೋಣೆಯಲ್ಲಿ ಅದುವರೆಗೆ ಭಜನೆ ಪದ, ನಾಟಕದ ಹಾಡು ರೆಕಾರ್ಡ್ ಆಗುತ್ತಿದ್ದವು. ಅದರ ಮಾಲೀಕ ಹಳೆಯ ಹಾರ್ಮೋನಿಯಂ ಮಾಸ್ತರ. ಕರೆಂಟು ಹೋದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು. ಬಂದಾಗ ಮತ್ತೆ ಮೊದಲಿನಿಂದ.

“ಲೇ, ಇದೇನ್ ಹಾಡೇನೋ? ಎಪಿಎಂಸ್ಯಾಗ ಹರಾಜ ಕೂಗಿದಂಗ ಐತಿ,” ಎಂದರು ಮಾಸ್ತರ.

“ಹರಾಜ ಅಂತ ತಿಳಕೊಂಡ ರೆಕಾರ್ಡ್ ಮಾಡ್ರಿ ಸರ. ಯಾರರ ಕೊಂಡ್ರ ಕೊಳ್ಳಲಿ.”

ಮೊಬೈಲಿನ ಅಳು ಕೇಳಿದಾಗ ಮಾಸ್ತರ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿ, ಬೀಟಿನ ಮೇಲೆ ಕೂರಿಸಲು ಸಂಜೆಯವರೆಗೆ ಒದ್ದಾಡಿದರು. ಅಳುವ ಉಸಿರು ತಾಳಕ್ಕೆ ಬಗ್ಗುವುದಿಲ್ಲ. ಕೊನೆಗೆ ಅವರೆಂದರು: “‘ನನ್ನಪ್ಪ’ ತೆಗೀಬೇಕು ನೋಡು. ತಾಳದಾಗ ಕುಂದ್ರವಲ್ದು. ಮ್ಯಾಲೆ, ಹೊರಗಿನ ಮಂದಿಗೆ ತಂದೀನ ಕರದಂಗ ಕೇಳಸ್ತೈತಿ.”

“ಹೆಸರು?” ಎಂದ ತಮ್ಮ.

“ಅದೂ ಬ್ಯಾಡ. ಹೆಸರಿದ್ರ ಅದು ಅವನೊಬ್ಬನ ಹಾಡು. ಇಲ್ಲಾಂದ್ರ ಎಲ್ಲಾ ಡ್ರೈವರ್‌ಗಳ ಹಾಡು.”

ಎಲ್ಲಾ ಡ್ರೈವರ್‌ಗಳ ಹಾಡು ಎಂಬ ಮಾತು ಅವನಿಗೆ ನಾಟಿತು. ಒಪ್ಪಿದ. ತಾಯಿಯ ಅಳುವಿನಲ್ಲಿ ಉಳಿದದ್ದು ‘ಲೋಡ ಇಳಿಸಿ ಬಾರೋ’ ಎಂಬ ಒಂದೇ ಸಾಲು. ಬೀಟಿಗೆ ಹೊಂದಲೆಂದು ಅದರ ವೇಗ ಹೆಚ್ಚಿಸಿದರು. ವೇಗ ಹೆಚ್ಚಿದಂತೆ ದನಿ ತೆಳ್ಳಗಾಯಿತು. ಮಗನನ್ನು ಕಳೆದುಕೊಂಡ ತಾಯಿಯ ದನಿ ಹರೆಯದ ಹುಡುಗಿಯ ದನಿಯಾಯಿತು. ಕೋಣೆಯಲ್ಲಿದ್ದ ನಮಗೆ ಅದು ಯಾರ ದನಿ ಎಂದು ಗೊತ್ತಿದ್ದುದರಿಂದ ಯಾರಿಗೂ ಹಾಗೆ ಕೇಳಿಸಲಿಲ್ಲ.

ಉಳಿದವರಿಗೆ ಹಾಗೇ ಕೇಳಿಸಿತು. ಹುಡುಗಿಯೊಬ್ಬಳು ತನ್ನ ಡ್ರೈವರ್ ಪ್ರಿಯಕರನನ್ನು ಕರೆಯುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸೀಡಿ ಉಳಿಯಲಿಲ್ಲ. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಬೇರೇನು ತುಂಬಿದರೂ ಮೊದಲು ಇದನ್ನು ತುಂಬುತ್ತಿದ್ದರು. ಕಡ್ಡಿರಾಂಪುರದ ರಸ್ತೆಬದಿಯ ಹೋಟೆಲುಗಳಲ್ಲಿ, ಹಂಪಿಗೆ ಹೋಗುವ ಆಟೋಗಳಲ್ಲಿ ಅದೇ ಹಾಡು. ಟಿಪ್ಪರ್‌ಗಳ ಹಿಂದೆ ‘ಲೋಡ್ ಇಳಿಸಿ ಬಾರೋ’ ಎಂದು ಬರೆಸಿ, ಪಕ್ಕದಲ್ಲಿ ಮಲ್ಲಿಗೆ ಮುಡಿದ ಹೆಣ್ಣಿನ ಚಿತ್ರ ಬಿಡಿಸಿದರು. ನಾನೂ ಒಂದು ಬರಹ ಕಳಿಸಿದೆ. ಅದು ತಾಯಿಯ ಅಳು ಎಂಬುದು ಕೊನೆಯ ಪ್ಯಾರಾದಲ್ಲಿತ್ತು. ಜಾಹೀರಾತು ಬಂದದ್ದರಿಂದ ಪತ್ರಿಕೆಯ ಡೆಸ್ಕಿನವರು ಆ ಪ್ಯಾರಾ ಕತ್ತರಿಸಿದರು. ‘ಟಿಪ್ಪರ್ ಚಾಲಕನ ರ‍್ಯಾಪ್‌ಗೆ ಯುವಕರು ಫಿದಾ’ ಎಂಬುದು ತಲೆಬರಹ.

ತಾಯಿ ಅದನ್ನು ಮೊದಲು ಕೇಳಿದ್ದು ಕುರೆಕುಪ್ಪದಲ್ಲಿ, ಸಂಬಂಧಿಕರ ಮದುವೆಯಲ್ಲಿ. ಹುಡುಗರು ಕುಣಿಯುತ್ತಿದ್ದರು. ಒಬ್ಬ ತಲೆಯ ಮೇಲೆ ಟವೆಲ್ ಹೊದ್ದು ಹೆಣ್ಣಾಗಿ, ಸೊಂಟ ಕುಲುಕಿಸಿ ಕೈಬೀಸಿ ಕರೆಯುತ್ತಿದ್ದ. ಆಕೆ ಊಟ ಮಾಡದೆ ಮನೆಗೆ ಬಂದರೆಂದು ಮಗನೇ ನನಗೆ ಹೇಳಿದ. ಬಂದವರೇ ಅವನನ್ನು ಕೇಳಿದ್ದರಂತೆ: “ಯಾರೋ ಅಕಿ, ನನ್ನ ಮಗನ್ನ ಕರಿಯಾಕಿ?”

“ಅದು ನೀನ ಅಲ್ಲೇನವ್ವಾ.”

“ನಾ ಅಲ್ಲ. ನಾ ಹಂಗ ಕರದಿಲ್ಲ.”

ಆ ಮೇಲೆ ಆಕೆ ಮಗನಿಂದ ಕೇಳಿದ್ದು ಒಂದೇ: ಅವನ ಹೆಸರು ಹಾಕು, ‘ನನ್ನಪ್ಪ’ ಹಾಕು, ಇಲ್ಲವಾದರೆ ನನ್ನ ಅಳು ನನಗೆ ತಿರುಗಿ ಕೊಡು.

ಸಂಡೂರಿನ ಗಣೇಶೋತ್ಸವದ ವೇದಿಕೆಯಲ್ಲಿ ಅವನು ಪ್ರಯತ್ನಿಸಿದ. ನಾನು ಮುಂದಿನ ಸಾಲಿನಲ್ಲಿದ್ದೆ. ಮೈಕ್ ಹಿಡಿದು, “ಇದು ನಮ್ಮ ಅಣ್ಣ ತೀರಿಕೊಂಡಾಗ ನಮ್ಮವ್ವ ಅತ್ತಿದ್ದು,” ಎಂದು ಶುರು ಮಾಡಿದ. ಜನ ನಕ್ಕರು. ಅದನ್ನೂ ಅವನ ಪ್ರಾಸದ ಮಾತೆಂದುಕೊಂಡರು.

“ಸಾಕ ಬಿಡ್ಲೇ, ಹಾಡ ಹಾಕು!”

“ನಿಮ್ಮವ್ವನ್ನೂ ಕರಸೋ ಸ್ಟೇಜಿಗೆ, ಕುಣೀಲಿ!”

ಶಿಳ್ಳೆ ಬಿದ್ದವು. ಅವನು ಮೈಕನ್ನು ಎದೆಗಿಟ್ಟುಕೊಂಡ. ಹಿಂದಿನಿಂದ ಬೀಟು ಶುರುವಾಯಿತು. ಅವನು ಹಾಡಿದ, ಚೆನ್ನಾಗಿಯೇ ಹಾಡಿದ.

ಮಾಸ್ತರರನ್ನು ಹಿಡಿದು ಇನ್ನೊಂದು ಸಲ ಹಾಡು ಮಾಡಿಸಿದ. ಅದರಲ್ಲಿ ತಾಯಿಯ ದನಿ ಇದ್ದಂತೆಯೇ ಇತ್ತು. ಹೆಸರಿತ್ತು, ‘ನನ್ನಪ್ಪ’ ಇತ್ತು, ಉಸಿರು ಎಳೆದುಕೊಳ್ಳುವ ಸದ್ದೂ ಇತ್ತು. ಅದನ್ನು ತಾನೇ ಮೊಬೈಲ್ ಅಂಗಡಿಗಳಿಗೆ ಹಂಚಿದ. ಒಂದು ಅಂಗಡಿಯಲ್ಲಿ ನನ್ನೆದುರೇ ಗಿರಾಕಿಯೊಬ್ಬ ಅದನ್ನು ಅರ್ಧ ಕೇಳಿ, “ಇದು ಡೂಪ್ಲಿಕೇಟ್ ಐತಿ ಅಣಾ, ಒರಿಜಿನಲ್ ಹಾಕ್ರಿ,” ಎಂದ. ಅಂಗಡಿಯವನು ಅಳಿಸಿ ಒರಿಜಿನಲ್ ಹಾಕಿಕೊಟ್ಟ. ಹಾಡಿದವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವರಿಬ್ಬರಿಗೂ ಅವನ ಗುರುತು ಹತ್ತಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅವನ ತಂದೆ ತೀರಿಕೊಂಡರು. ಈ ಸಲ ನಾನು ವರದಿಗೆ ಹೋದದ್ದಲ್ಲ. ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೊರಗೆ ಭಜನೆಯವರು ತಾಳ ಬಿಚ್ಚಿಕೊಳ್ಳುತ್ತಿದ್ದರು. ಕಂಪ್ಲಿಯ ಮಗಳು ಈ ಸಲ ಹೊತ್ತಿಗೆ ಸರಿಯಾಗಿ ಬಂದು, ಅಪ್ಪನ ಕಾಲು ಹಿಡಿದು ಅತ್ತಳು. ಅತ್ತು ಸುಮ್ಮನಾಗಿ ತಾಯಿಯ ಕಡೆ ನೋಡಿದಳು. ಎಲ್ಲ ಹೆಂಗಸರೂ ನೋಡಿದರು. ಈಗ ಹೇಳಬೇಕಾದವರು ಆಕೆ. ಗಂಡನಿಗಾಗಿ ಹೆಂಡತಿ ಹೇಳುವ ಮಾತುಗಳನ್ನು ಬೇರೆ ಯಾರೂ ಹೇಳಲಾರರು.

“ಅಳಬೇ ಯಕ್ಕಾ,” ಎಂದಳು ನೆರೆಯವಳು. “ಎದಿ ಹಗರ ಆಗ್ತೈತಿ.”

ಆಕೆ ಬಾಯಿ ತೆರೆದರು. ಒಂದು ಎಳೆ ರಾಗ ಹೊರಬಂತು, ಮಾತು ಇನ್ನೂ ಬಂದಿರಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಲಿಲ್ಲ, ಅದೇ ಹಾಡಿನ ರಾಗವೆಂದು ಗುರುತು ಹತ್ತಿತ್ತು, ಅಷ್ಟೇ. ಆಕೆ ಅದನ್ನು ನೋಡಿದರು. ಬಾಯಿ ಮುಚ್ಚಿದರು.

“ಅಳವ್ವಾ,” ಎಂದ ಮಗ ಬಾಗಿಲಿನಿಂದ. “ಯಾರೂ ಏನೂ ಅನ್ನಂಗಿಲ್ಲ.”

ಆಕೆ ಸೆರಗನ್ನು ತಲೆಯ ಮೇಲೆ ಪೂರ್ತಿ ಎಳೆದುಕೊಂಡು, ಗಂಡನ ಕಿವಿಯ ಹತ್ತಿರ ಬಾಗಿದರು. ತುಟಿಯ ಬಳಿ ಸೆರಗು ಅಲುಗುವುದು ಕಾಣುತ್ತಿತ್ತು. ಬಹಳ ಹೊತ್ತು ಮಾತಾಡಿದರು. ಏನೆಂದರೋ ಮಗಳಿಗೂ ಕೇಳಿಸಲಿಲ್ಲ. ಮಗ ಅದನ್ನು ಕೇಳಿಸಿಕೊಳ್ಳಲೆಂದು ಒಂದು ಹೆಜ್ಜೆ ಒಳಗಿಟ್ಟ. ಆಕೆ ಮುಖ ಎತ್ತದೆಯೇ ಕೈ ಚಾಚಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ಅವನು ನಿಂತ.