ಗಂಟೆಯ ಅಂಚಿನಲ್ಲಿದ್ದ ಹನ್ನೊಂದು ಹೆಸರು

“ಎಲ್ಲೀತನ ಹೋಗೀದಿ ನೀನು?”

ಅಂಬುಬಾಯಿ ಕೇಳಿದ್ದು ಯಾರನ್ನೂ ಅಲ್ಲ. ತಗಡಿನ ಶೆಡ್ಡಿನೊಳಗೆ ಅವರೊಬ್ಬರೇ ಕೂತಿದ್ದಾರೆ. ಎದುರಿಗೆ ಗೋಣಿಚೀಲದ ಮೇಲೆ ಬೋರಲು ಹಾಕಿದ ಒಂದು ಹಿತ್ತಾಳೆ ಗಂಟೆ, ಇಪ್ಪತ್ತೆರಡು ಕಿಲೋ ತೂಕದ್ದು. ಬೆಳಗಿನ ಐದೂವರೆ. ಚೌಡಾಪುರದ ರಸ್ತೆಗೆ ಗಾಣಗಾಪುರದ ಮೊದಲ ಬಸ್ಸು ಇನ್ನೂ ಬಂದಿಲ್ಲ. ಬಾಗಿಲಲ್ಲಿ ಬಂದು ನಿಂತ ಪತ್ರಿಕೆಯವರ ಕಡೆ ಅವರು ತಿರುಗಿಯೂ ನೋಡುವುದಿಲ್ಲ.

ನಿನ್ನೆ ಸಂಜೆ ಗಂಟೆಯ ಅಂಚಿಗೆ ಸೀಮೆಎಣ್ಣೆ ಸವರಿ ಇಟ್ಟಿದ್ದರಂತೆ. ಈಗ ಅದನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಕೂದಲಿನಂಥ ಒಂದು ಒದ್ದೆ ಗೆರೆ ಮೂಡುತ್ತದೆ. ಅಂಚಿನಲ್ಲಿ ಮಾತ್ರ ಕಣ್ಣಿಗೆ ಕಾಣುತ್ತಿದ್ದ ಬಿರುಕು ಒಳಗೆ ಕುಡಿದ ಎಣ್ಣೆಯನ್ನು ಹೊರಗೆ ಹಾಕಿ ತನ್ನ ಗುರುತನ್ನು ತಾನೇ ಕೊಡುತ್ತಿದೆ. ಗೆರೆ ಅಂಚಿನಿಂದ ಹೊರಟು, ನಾಲ್ಕು ಬೆರಳಗಲ ಮೇಲೇರಿ, ಎಡಕ್ಕೆ ಸ್ವಲ್ಪ ಬಾಗಿ ನಿಲ್ಲುತ್ತದೆ. ಅದು ನಿಂತ ಜಾಗಕ್ಕೆ ಅಂಬುಬಾಯಿ ಮೊಳೆಯಿಂದ ಒಂದು ಚುಕ್ಕಿ ಇಟ್ಟು, ಕೈಡ್ರಿಲ್ಲಿನಿಂದ ಜೋಳದ ಕಾಳಿನಷ್ಟು ದೊಡ್ಡ ತೂತು ಕೊರೆಯುತ್ತಾರೆ.

“ಇನ್ನ ಮುಂದಕ್ಕ ಹೋಗಂಗಿಲ್ರಿ ಇದು. ದಾರಿ ಕಡದೆ,” ಎಂದು ಆಗ ತಲೆಯೆತ್ತುತ್ತಾರೆ. “ಬರ್ರಿ, ಒಳಗ ಬರ್ರಿ. ಚಾ ಕುಡೀರಿ ಮೊದಲ.”

ಅರವತ್ತೊಂದು ವರ್ಷದ ಅಂಬುಬಾಯಿಯ ಹೆಸರು ಯಾವ ಫಲಕದ ಮೇಲೂ ಇಲ್ಲ. ಶೆಡ್ಡಿಗೂ ಬೋರ್ಡಿಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಭಜನೆಯ ತಾಳದ ದನಿ ಕೆಟ್ಟರೆ, ಸನಾದಿಯ ಹಿತ್ತಾಳೆ ಬಾಯಿ ಚಪ್ಪಟೆಯಾದರೆ, ಹಾರ್ಮೋನಿಯಂನ ಒಂದು ಸ್ವರ ಗೊಗ್ಗರಾದರೆ ಜನ ಚೀಲ ಹಿಡಿದು ಇಲ್ಲಿಗೇ ಬರುತ್ತಾರೆ. ವಾರಕ್ಕೆ ಹತ್ತು ಹನ್ನೆರಡು ಜೊತೆ ತಾಳ, ತಿಂಗಳಿಗೆ ಐದಾರು ಹಾರ್ಮೋನಿಯಂ. ಹಾರ್ಮೋನಿಯಂನ ಒಳಗಿನ ಹಿತ್ತಾಳೆ ನಾಲಗೆಯನ್ನು ತುದಿಯಲ್ಲಿ ಕೆರೆದರೆ ದನಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕು ಎಂದು ಕೇಳಿದರೆ, “ಉಸಿರು ಬಿಡೋದರಾಗ ಎಷ್ಟು ಹೋಗ್ತದೋ ಅಷ್ಟ,” ಎನ್ನುತ್ತಾರೆ.

ಇವೆಲ್ಲದರ ಪಕ್ಕದಲ್ಲೇ ಇನ್ನೊಂದು ರಾಶಿಯಿದೆ: ಗುಂಡು ಹಿಡಿಕೆಯ ಹಿತ್ತಾಳೆ ವಾಲ್ವ್‌ಗಳು. ಒಂದು ಮಠದ ದಾಸೋಹದ ಅಡುಗೆಮನೆಯಿಂದ ಬಂದವು. ಅಲ್ಲಿ ಅನ್ನ ಬೇಯುವುದು ಬಾಯ್ಲರಿನ ಉಗಿಯಲ್ಲಿ. ವಾಲ್ವ್ ಸೋರಿದರೆ ಅನ್ನ ಅರೆಬೆಂದು, ಪಂಕ್ತಿಯಲ್ಲಿ ಕೂತವರು ಕಾಯಬೇಕಾಗುತ್ತದೆ. ತಿಂಗಳಿಗೆ ಹದಿನೈದು ಇಪ್ಪತ್ತು ವಾಲ್ವ್‌ಗಳನ್ನು ಅಂಬುಬಾಯಿ ಎಣ್ಣೆ, ನುಣ್ಣನೆ ಪುಡಿ ಹಾಕಿ ಅರೆದು ಕೂಡಿಸಿ ಕಳಿಸುತ್ತಾರೆ. ಮನೆ ನಡೆಯುವುದು ಮುಖ್ಯವಾಗಿ ಇದರಿಂದಲೇ.

ಈ ಕೆಲಸ ಬಂದದ್ದು ಗಂಡ ದತ್ತಪ್ಪನವರಿಂದ. ಅವರು ಆಳಂದದ ಒಂದು ಹತ್ತಿ ಗಿರಣಿಯಲ್ಲಿ ಉಗಿ ಯಂತ್ರದ ಫಿಟ್ಟರ್ ಆಗಿದ್ದರು. ಜೇವರ್ಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಅಂಬುಬಾಯಿ ಮಧ್ಯಾಹ್ನ ಬುತ್ತಿ ಒಯ್ದವರು ಅಲ್ಲೇ ಕೂತು ವಾಲ್ವ್ ಹಿಡಿದುಕೊಳ್ಳುತ್ತಿದ್ದರು. “ಕಬ್ಬಿಣ ಉಗಿಯೊಳಗ ಜಂಗು ಹಿಡೀತದ, ಹಿತ್ತಾಳಿ ತಡೀತದ ಅಂತ ಹೇಳ್ತಿದ್ರು. ಉಗಿ ಇದ್ದಲ್ಲಿ ಹಿತ್ತಾಳಿ ಬಾಯಿ ಮುಚ್ಚಿರಬೇಕು. ಒಂದು ಎಳಿ ಸಪ್ಪಳ ಬಂತಂದ್ರೂ ಕೆಲಸ ಕೆಟ್ಟಂಗ. ಗಂಟಿಯೊಳಗ ಮಾತ್ರ ಪೂರಾ ಬಾಯಿ ಬಿಡಬೇಕು. ಎರಡಕ್ಕೂ ಕಿವಿ ಒಂದ ರೀ.” ಗಿರಣಿ ಮುಚ್ಚಿತು. ಇಬ್ಬರೂ ಚೌಡಾಪುರಕ್ಕೆ ಬಂದು ಈ ಶೆಡ್ಡು ಹಾಕಿದರು. ಎರಡೇ ವರ್ಷಕ್ಕೆ ದತ್ತಪ್ಪ ತೀರಿಕೊಂಡರು. ಸಾಮಾನು ಮಾರಿಬಿಡು ಎಂದು ಜನ ಅಂದರು. ಅಂಬುಬಾಯಿ ಮರುದಿನ ಬಾಗಿಲು ತೆರೆದು ಕೂತರು.

ಈಗ ಗೋಣಿಚೀಲದ ಮೇಲಿರುವ ಗಂಟೆಯ ಮಾತಿಗೆ ಬರಬೇಕು.

ಇದು ಸೊನ್ನದ ಬ್ಯಾರೇಜಿನಿಂದ ಸ್ವಲ್ಪ ಈಚೆಗೆ, ಭೀಮಾ ದಂಡೆಯ ಒಂದು ಸಣ್ಣ ಊರಿನ ಹಣಮಂತ ದೇವರ ಗುಡಿಯದು. ಗುಡಿಯ ಹಿರಿಯ ಮಲ್ಕಪ್ಪ ಹೋದ ವಾರ ಇದನ್ನು ಟಂಟಂ ಆಟೊದಲ್ಲಿ ಹೇರಿಕೊಂಡು ಬಂದರು. ಬಾರಿಸಿದರೆ ಝರ್ ಎಂದು ಒಡಕು ತಗಡಿನ ಸದ್ದು. “ಅಂಬವ್ವ, ಇದರ ಆಸೆ ಬಿಟ್ಟೇವಿ. ಕರೆಂಟಿನ ಗಂಟಿ ತರಾಕತ್ತೇವಿ. ಗುಂಡಿ ಒತ್ತಿದ್ರ ನಗಾರಿ, ಜಾಗಟಿ, ಗಂಟಿ ಎಲ್ಲಾ ತಾನ ಬಾರಸ್ತದ. ಇದನ್ನ ಗುಜರಿಗೆ ಹಾಕೋಕಿಂತ ಮೊದಲ ನಿನಗ ತೋರ್ಸಿ ಹೋಗೋಣಂತ ಬಂದೆ,” ಅಂದರು.

“ಗುಂಡಿ ಒತ್ತಾಕ ಮನಷ್ಯಾ ಬೇಕಲ್ಲೋ ಮಲ್ಕಪ್ಪಣ್ಣ, ಅದಕ್ಕೂ ಒಂದು ಯಂತ್ರ ತರ್ರಿ!” ಎಂದು ನಗುತ್ತಲೇ ಗಂಟೆಯನ್ನು ಬೆಳಕಿಗೆ ತಿರುಗಿಸಿದ ಅಂಬುಬಾಯಿ ಅದರ ಮೇಲೆ ಬೆರಳಾಡಿಸಿದರು. ಅಂಚಿನ ಸುತ್ತ ಹನ್ನೊಂದು ಹೆಸರುಗಳಿದ್ದವು. ಕೆತ್ತಿದ ಕೈ ಅವರದೇ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಆ ಊರಿನ ಹನ್ನೊಂದು ಮನೆಯವರು ತಮ್ಮ ತಮ್ಮ ಹಿತ್ತಾಳೆ ಪಾತ್ರೆ ಕೊಟ್ಟು, ಎರಕದವರನ್ನು ಕರೆಸಿ ಗಂಟೆ ಹೊಯ್ಯಿಸಿದ್ದರು. ಕೊಟ್ಟವರ ಹೆಸರನ್ನು ಗಂಟೆಯ ಮೇಲೆ ಕೆತ್ತಿಸುವುದು ರೂಢಿ. ಅಂಬುಬಾಯಿ ಆಗಷ್ಟೇ ಸಾಕ್ಷರತೆಯ ತರಗತಿಯಲ್ಲಿ ಓದು ಬರಹ ಕಲಿತಿದ್ದರು. “ಅಕ್ಷರ ಕಲ್ತ ಸೊಕ್ಕು ಇತ್ರೀ ನನಗ. ನಮ್ಮ ಕೇರಿಯ ಹೆಣ್ಮಗಳು ದೇವರ ಗಂಟಿ ಮ್ಯಾಲ ಹೆಸರು ಬರೀತಾಳ ಅಂದ್ರ ಸಣ್ಣ ಮಾತೇನು? ಗುಡಿಯೊಳಗ ಬಿಡಲಿಲ್ಲ, ಹೊರಗ ಬೇವಿನ ಗಿಡದ ಕೆಳಗ ಕುಂದ್ರಿಸಿದ್ರು. ಕುಂತು ಬರದೆ.”

ಎಲ್ಲರಿಗೂ ಕಾಣಲಿ ಎಂದು ಊರವರು ಅಂಚಿನ ಮೇಲೇ ಕೆತ್ತಲು ಹೇಳಿದರು. ಗಂಟೆಯ ದನಿ ಹುಟ್ಟುವುದೇ ಆ ಅಂಚಿನಲ್ಲಿ, ಅಲ್ಲಿ ಉಳಿ ಇಡಬಾರದು ಎಂದು ಹೇಳುವಷ್ಟು ತಿಳಿವಳಿಕೆ ಆಗ ಅಂಬುಬಾಯಿಗಿರಲಿಲ್ಲ. ವಾಲ್ವ್ ಗೊತ್ತಿತ್ತು, ಗಂಟೆ ಹೊಸದು. ಆ ಬೇವಿನ ನೆರಳಿಗೆ ಮಜ್ಜಿಗೆ, ರೊಟ್ಟಿ ತಂದುಕೊಟ್ಟವರು ಭಾಗಮ್ಮ ಒಬ್ಬರೇ. ಗಂಡನಿಲ್ಲದ ಹೆಂಗಸು, ಮದುವೆಯಲ್ಲಿ ತವರಿನವರು ಕೊಟ್ಟ ಕೊಡವನ್ನೇ ಗಂಟೆಗೆ ಕೊಟ್ಟವರು. “ನಂದೊಂದು ಹೆಸರು ಆಳಾಗಿ ಬರೀಬೇ ಅಂಬು, ಸವೀಬಾರದು,” ಎಂದು ಪಕ್ಕದಲ್ಲೇ ಕೂತರಂತೆ. ಅಂಬುಬಾಯಿ ಪ್ರೀತಿಯಿಂದ ಆ ಹೆಸರನ್ನು ಎಲ್ಲಕ್ಕಿಂತ ಆಳವಾಗಿ ಕೆತ್ತಿದರು.

ಬಿರುಕು ಹೊರಟದ್ದು ಸರಿಯಾಗಿ ಆ ಹೆಸರಿನಿಂದ.

ಆರು ವರ್ಷದ ಹಿಂದೆ ಗಂಟೆ ಒಡಕು ದನಿ ತೆಗೆದಾಗ ಊರು ನೋಡಿದ್ದು ಅದನ್ನೇ. “ಗಂಡ ಸತ್ತಾಕಿ ಕೊಡ ಕೂಡಿಸಿದ್ರ ಮತ್ತೇನಾಗ್ತದ?” ಎಂದು ಯಾರೋ ಅಂದರು. ಆ ಮಾತು ಹೊಲ ದಾಟಿ, ಹೊಳೆ ದಾಟಿ ಹೋಯಿತು. ಶನಿವಾರದ ಭಜನೆಯಲ್ಲಿ ಮೊದಲ ಪದ ಎತ್ತಿಕೊಡುತ್ತಿದ್ದ ಭಾಗಮ್ಮ ಗುಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಪದ ಕೇಳುತ್ತ ಬೆಳೆದವರಿಗೆ ಗೊತ್ತು, ಎತ್ತಿಕೊಡುವವರು ಇಲ್ಲದ ಭಜನೆಗೆ ಎಷ್ಟು ತಾಳವಿದ್ದರೂ ಬಾಯಿ ಕೂಡುವುದಿಲ್ಲ.

ಈ ಸಂಗತಿ ಅಂಬುಬಾಯಿಗೆ ಗೊತ್ತಾದದ್ದು ಹೋದ ವಾರ, ಮಲ್ಕಪ್ಪನವರ ಬಾಯಿಂದಲೇ. ಕೇಳಿದ ಮೇಲೆ ಒಂದೇ ಮಾತು ಹೇಳಿದರು: “ಎಂಟು ದಿನ ನನ್ನ ಹಂತ್ಯಾಕ ಇರ್ಲಿ. ಶನಿವಾರ ತರ್ತೇನಿ.”

ತರದಿದ್ದರೆ ಗಂಟೆ ಗುಜರಿಗೆ ಹೋಗುತ್ತದೆ, ಭಾಗಮ್ಮನ ಮೇಲಿನ ಮಾತು ಖಾಯಂ ಆಗಿ ಉಳಿಯುತ್ತದೆ. ಬೆಸುಗೆಗೆ ಗಂಟೆಯನ್ನು ಪೂರಾ ಕಾಯಿಸಬೇಕು. ಕಾಯಿಸುವಾಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಎರಡು ಹೋಳು. ಮೂರನೆಯ ದಿನ ಅಂಬುಬಾಯಿ ಬಿರುಕಿನ ಬಾಯಿಯನ್ನು ಅರದಿಂದ ಅಗಲಿಸಿ, ಬಿಳಿಗಾರ ತುಂಬಿ, ನೆಲದ ಕುಣಿಯಲ್ಲಿ ಇದ್ದಿಲು ಕುಳ್ಳು ಜೋಡಿಸಿ ಗಂಟೆಯನ್ನು ಇಳಿಸುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಕಿಯ ಪಕ್ಕದಿಂದ ಕದಲುವುದಿಲ್ಲ. ಬಣ್ಣ ನೋಡುತ್ತಾರೆ, ಗಾಳಿ ಹಾಕುತ್ತಾರೆ, ನಿಲ್ಲಿಸುತ್ತಾರೆ. ಸೊಸೆ ಪಂಚಶೀಲಾ ಊಟಕ್ಕೆ ಕರೆದರೆ ಕೈಸನ್ನೆಯಲ್ಲೇ ಹೋಗು ಅನ್ನುತ್ತಾರೆ. ಕಡೆಗೆ ಬೆಸುಗೆಯ ಹಿತ್ತಾಳೆ ಕರಗಿ ಬಿರುಕಿನೊಳಗೆ ಬೆಲ್ಲದ ಪಾಕದ ಹಾಗೆ ಇಳಿಯುತ್ತದೆ. ಆಮೇಲೆ ಗಂಟೆಯನ್ನು ಬೂದಿಯಲ್ಲಿ ಹೂಳಿ ಎರಡು ದಿನ ಮುಟ್ಟುವುದಿಲ್ಲ. “ಅವಸರ ಮಾಡಿ ತಗದ್ರ ಸಿಟ್ಟಿಗೇಳ್ತದ ರೀ. ತಾನ ತಣ್ಣಗಾಗಲಿ.”

ಉಳಿದ ದಿನಗಳಲ್ಲಿ ನಡೆದದ್ದು ಅರದ ಕೆಲಸ. ದನಿ ಮತ್ತೆ ಒಂದಾಗಬೇಕಾದರೆ ಅಂಚನ್ನು ಸುತ್ತಲೂ ಒಂದೇ ಸಮ ಇಳಿಸುತ್ತ ಬರಬೇಕು. ಹಾಗೆ ಇಳಿಸುವಾಗ ಹೆಸರುಗಳು ಒಂದೊಂದಾಗಿ ಅಳಿಯುತ್ತವೆ. ಕಡೆಗೆ ಉಳಿದದ್ದು ಭಾಗಮ್ಮನ ಹೆಸರು, ಆಳದ್ದಲ್ಲವೇ. ಅದು ಹೋಗುವಾಗ ಅಂಬುಬಾಯಿ ಅರ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಗುಡಿಯ ಮುಂದಿದೆ. ನಲವತ್ತು ಜನ ಸೇರಿದ್ದಾರೆ. ಬೇವಿನ ಗಿಡದ ಹತ್ತಿರ, ಎಲ್ಲರಿಂದ ದೂರ, ಎಪ್ಪತ್ತು ದಾಟಿದ ಭಾಗಮ್ಮ ನಿಂತಿದ್ದಾರೆ. ಬರಲೇಬೇಕು ಎಂದು ಅಂಬುಬಾಯಿ ಹೇಳಿ ಕಳಿಸಿದ್ದರಿಂದ ಬಂದಿದ್ದಾರೆ.

“ಒಳಗ ಬಾ ಅಂಬವ್ವ, ನೀನ ತೂಗ್ಹಾಕು,” ಎನ್ನುತ್ತಾರೆ ಮಲ್ಕಪ್ಪ. ಇಪ್ಪತ್ತಾರು ವರ್ಷದ ಹಿಂದೆ ಯಾರೂ ಹೇಳದ ಮಾತು. ಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡಿರುವ ಅಂಬುಬಾಯಿ ಗುಡಿಗಳಿಗೆ ಹೋಗುವವರಲ್ಲ. ಆದರೂ ಏಣಿ ಹತ್ತಿ ಕೊಂಡಿಗೆ ಸರಪಳಿ ಹಾಕುತ್ತಾರೆ, ಬಾರಿಸುವುದಿಲ್ಲ. ಇಳಿದು ಜನರ ಕಡೆ ತಿರುಗುತ್ತಾರೆ.

“ಒಂದು ಮಾತು ಕೇಳ್ರಿ. ಹನ್ನೊಂದು ಮನಿ ಹಿತ್ತಾಳಿ ಕರಗಿ ಒಂದ ನೀರಾಗಿ ಈ ಗಂಟಿ ಆಗ್ಯಾದ. ಯಾರ ಕೊಡ ಯಾವ ಮಗ್ಗಲಿಗೆ ಹೋತು ಅಂತ ಹೇಳೋರು ಯಾರರ ಅದೀರೇನು? ಬಿರುಕು ಭಾಗಕ್ಕನ ಕೊಡದ್ದಲ್ಲ, ನನ್ನ ಉಳೀದು. ಅಂಚಿಗೆ ಕೆತ್ತಬಾರದಿತ್ತು, ಕೆತ್ತಿದೆ. ಗಲತಿ ನಂದು.”

ಬೇವಿನ ಗಿಡದ ಕಡೆಯಿಂದ ದನಿಯೊಂದು ಬರುತ್ತದೆ: “ಅಲ್ಲಬೇ ಅಂಬು, ಆಳಾಗಿ ಕೆತ್ತು ಅಂದ್ರ ಆರಪಾರ ಕೆತ್ತಿಬಿಟ್ಟೆಲ್ಲಬೇ!”

ಮೊದಲು ನಕ್ಕವರು ಮಲ್ಕಪ್ಪ. ಆಮೇಲೆ ಎಲ್ಲರೂ. ನಗು ಇಳಿಯುವಷ್ಟರಲ್ಲಿ ಭಾಗಮ್ಮ ಮೆಟ್ಟಿಲು ಹತ್ತಿಯಾಗಿದೆ. ಗಂಟೆ ಹೊಡೆದವರು ಅವರೇ. ಹಳೆಯ ದನಿಯಲ್ಲ, ಒಂದು ಎಳೆ ತಗ್ಗಿದೆ. ಆದರೆ ಒಡಕಿಲ್ಲ. ಹೊಳೆಯ ಆಚೆ ದಂಡೆಯವರೆಗೆ ಹೋಗಿ ನಿಧಾನಕ್ಕೆ ಕರಗುತ್ತದೆ. ಹನ್ನೊಂದು ಹೆಸರೂ ಈಗ ಅಂಬುಬಾಯಿ ಹಗುರ ಕೈಯಲ್ಲಿ ಕೆತ್ತಿದ ಒಂದು ಹಿತ್ತಾಳೆ ಪಟ್ಟಿಯ ಮೇಲೆ, ಗುಡಿಯ ಬಾಗಿಲ ಚೌಕಟ್ಟಿನಲ್ಲಿವೆ. ಕರೆಂಟಿನ ಗಂಟೆಯ ಮಾತನ್ನು ಮಲ್ಕಪ್ಪ ಮತ್ತೆ ಎತ್ತುವುದಿಲ್ಲ.

ಮಧ್ಯಾಹ್ನ ಶೆಡ್ಡಿಗೆ ಮರಳಿದಾಗ ದಾಸೋಹದ ವಾಲ್ವ್‌ಗಳು ಕಾಯುತ್ತಿವೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಅಂಬುಬಾಯಿ, “ಕಂಚಿನ ಗಂಟಿಯೊಂದು ಮೊದಲಿಂದ ನನ್ನ ಕೈಲೆ ಆಗ್ಬೇಕು ರೀ. ಕಂಚು ಬ್ಯಾರೇನ ಮಾತಾಡ್ತದ,” ಎಂದು ಕೆಲಸಕ್ಕೆ ಕೂರುತ್ತಾರೆ.

ಬೀಳ್ಕೊಡಲು ರಸ್ತೆಯವರೆಗೆ ಬರಬೇಕಿದ್ದ ಪಂಚಶೀಲಾ ಬಾಗಿಲಲ್ಲೇ ನಿಲ್ಲುತ್ತಾರೆ. “ಸರ, ಆ ಉಳಿ ಮಾತೊಂದು ಬಿಟ್ಟು ಬರೀರಿ. ಗಂಟಿ ಹಳೇದಾಗಿ ಬಿರುಕು ಬಿಟ್ಟಿತ್ತು, ಅತ್ತಿ ಬೆಸದ್ರು, ಅಷ್ಟ ಸಾಕಲ್ರಿ. ಗಂಟಿ ಕೆಡಿಸಿದಾಕಿ ಅಂತ ಪೇಪರದಾಗ ಓದಿದ್ರ ಮಠದವ್ರು ಮುಂದ ವಾಲ್ವ್ ಕಳಿಸ್ತಾರೋ ಇಲ್ಲೋ. ಅತ್ತಿ, ನೀವರ ಹೇಳ್ರಿ.”

ಅಂಬುಬಾಯಿ ಕೈಯಲ್ಲಿನ ವಾಲ್ವನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸುತ್ತಾರೆ. ಸದ್ದಿಲ್ಲ. ಕೆಳಗಿಡುತ್ತಾರೆ.

“ನಾ ಗುಡಿ ಮುಂದ ಹೇಳಿದ್ದು ನಲವತ್ತು ಮಂದಿಗಿ. ಭಾಗಕ್ಕನ ಇಬ್ರು ಹೆಣ್ಮಕ್ಕಳನ್ನ ಜೇವರ್ಗಿ ಕಡಿ ಕೊಟ್ಟಾರ. ಆ ಕೆಟ್ಟ ಮಾತು ಅಲ್ಲೀತನ ಹೋಗ್ಯಾದ. ಪೇಪರ ಅಲ್ಲೀತನ ಹೋಗ್ತದ.”

“ಹೌದ್ರಿ ಅತ್ತಿ, ಆದ್ರ...”

“ಇಲ್ಲ. ಉಳಿ ಮಾತು ತಗಿಯಂಗಿಲ್ಲ.”