ಅಕ್ಕನ ತಲೆಯ ರಿಪೋರ್ಟು ನನ್ನ ಮೊಬೈಲಿನಲ್ಲಿ

ಮೊಬೈಲ್ ಟಿಣ್ ಅಂದಾಗ ನಾನು ತಿಪಟೂರಿನ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಡಬ್ಬ ಹಿಡಿದು ನಿಂತಿದ್ದೆ. ಬೆಂಗಳೂರಿನ ಆಸ್ಪತ್ರೆಯಿಂದ ಒಂದು ಪಿಡಿಎಫ್ ಬಂದಿತ್ತು. ಮೇಲೆ ನನ್ನ ಅಕ್ಕನ ಹೆಸರು, ವಯಸ್ಸು. ಅವಳ ತಲೆಯಿಂದ ತೆಗೆದ ಗಡ್ಡೆಯ ಜೀನ್ ರಿಪೋರ್ಟು ಅದು.

ತೆರೆಯಲಿಲ್ಲ. (ಹಲ್ಲಿ ಕಂಡರೆ ಮಂಚ ಹತ್ತುವವಳು ನಾನು. ನಮ್ಮ ಮನೆಯವರಿಗೆ ಇದೇನು ಹೊಸ ವಿಷಯವಲ್ಲ.) ಮೊಬೈಲನ್ನು ಬ್ಯಾಗಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗಿರಣಿ ಗಡಗಡ ಅನ್ನುತ್ತಿತ್ತು. ನನ್ನ ಎದೆಯೂ.

‘ಯಾಕ್ ಮೇಡಮ್ಮೋರೆ, ಹಿಂಗ್ ಬೆವರ್ತಾ ಇದೀರ? ಕೂತ್ಕಳಿ’ ಅಂದ ಗಿರಣಿಯವನು.

‘ಏನಿಲ್ಲಪ್ಪ, ಸೆಕೆ’ ಅಂದೆ. ನಿಂತಿದ್ದು ಫ್ಯಾನಿನ ಕೆಳಗೆ.

ಅಕ್ಕನ ಪರಿಚಯ ಮಾಡಿಕೊಡುತ್ತೇನೆ. ಹಂದನಕೆರೆ ಹತ್ತಿರದ ಹಳ್ಳಿಯಲ್ಲಿ ಅವಳ ತೆಂಗಿನ ತೋಟ. ಭಾವನಿಗೆ ಹುಳಿಯಾರಿನಲ್ಲಿ ಗೊಬ್ಬರದ ಅಂಗಡಿ ಇದೆ. ಹಾಗಾಗಿ ತೋಟದ ಯಜಮಾನಿಕೆ ಪೂರ್ತಿ ಅಕ್ಕನದು. ಅಲ್ಲಿ ಅವಳ ಮಾತಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಇಂಥ ಅಕ್ಕ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದಳು. ಭಾವ ಅವಳ ಕೈಗೆ ಬೀಗದಕೈ ಗೊಂಚಲು ತುರುಕಿ, ಶಿವ ಶಿವ ಅಂತ ಕೂಗುತ್ತಾ ಕೂತಿದ್ದರಂತೆ. ಸ್ಕ್ಯಾನ್ ಆಯಿತು, ಗಡ್ಡೆ ಕಂಡಿತು, ಬೆಂಗಳೂರಿನಲ್ಲಿ ಆಪರೇಷನ್ನೂ ಆಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಡಾಕ್ಟರು ಗಡ್ಡೆಯ ಚೂರನ್ನು ಜೀನ್ ಟೆಸ್ಟಿಗೆ ಕಳಿಸಿದ್ದರು. ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ ಗಡ್ಡೆಗಳಲ್ಲಿ ಕೆಲವು ವರ್ಷಗಟ್ಟಲೆ ತೆಪ್ಪಗಿರುತ್ತವಂತೆ, ಕೆಲವು ಬೇಗನೆ ಮತ್ತೆ ತಲೆ ಎತ್ತುತ್ತವಂತೆ. ಇದು ಯಾವ ಜಾತಿಯದು, ಇದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ಜೀನ್ ನೋಡಿದರೆ ಒಂದು ಮಟ್ಟಿಗೆ ತಿಳಿಯುತ್ತದಂತೆ. ರಿಪೋರ್ಟ್ ಕಳಿಸಲು ಒಂದು ಫೋನ್ ನಂಬರ್ ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿದಳು.

‘ಒಳ್ಳೇದಿದ್ರೆ ಹೇಳು ಕಣೇ. ಕೆಟ್ಟದ್ದಿದ್ರೆ ಸುಮ್ನಿದ್ಬುಡು’ ಅಂದಳು.

ಹೂಂ ಅಂದುಬಿಟ್ಟೆ. ಎಂಥ ಪೆದ್ದು ನಾನು! ಸುಮ್ಮನಿದ್ದರೂ ಹೇಳಿದ ಹಾಗೇ ಅಲ್ಲವಾ ಅದು?

ಗಿರಣಿಯಿಂದ ಮನೆಗೆ ಬಂದು, ದೇವರ ಗೂಡಿನ ಮುಂದೆ ಕೂತು ಪಿಡಿಎಫ್ ತೆರೆದೆ. ಪುಟಗಟ್ಟಲೆ ಇಂಗ್ಲಿಷು. ನನಗೆ ದಕ್ಕಿದ್ದು ಎರಡೇ ಸಾಲು. ಐಡಿಎಚ್ ಅನ್ನುವ ಜೀನಿನ ಮುಂದೆ ‘ಮ್ಯುಟೇಷನ್ ಡಿಟೆಕ್ಟೆಡ್’, ಅಂದರೆ ಬದಲಾಗಿದೆ ಅಂತಿತ್ತು. ಮುಗಿಯಿತು ಕಥೆ ಅಂದುಕೊಂಡೆ. ಎಂಜಿಎಂಟಿ ಮೆಥಿಲೇಷನ್ ಅನ್ನುವ ಇನ್ನೊಂದರ ಮುಂದೆ ‘ನಾಟ್ ಡಿಟೆಕ್ಟೆಡ್’ ಅಂತಿತ್ತು. ಸದ್ಯ, ಇದೊಂದಾದರೂ ಇಲ್ಲವಲ್ಲ ಅಂತ ದೇವರಿಗೆ ಕೈ ಮುಗಿದೆ. ನಮ್ಮ ಲೆಕ್ಕ ಗೊತ್ತಲ್ಲ? ಮಲೇರಿಯಾದಿಂದ ಹಿಡಿದು ಕೊರೊನಾವರೆಗೆ ಯಾವುದೇ ರಿಪೋರ್ಟಿನಲ್ಲಿ ‘ಇಲ್ಲ’ ಅಂತಿದ್ದರೆ ಪೇಡಾ ಹಂಚುವವರು ನಾವು.

ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಾತ್ಮರು ಎತ್ತಿದರು. ಎತ್ತಿ, ನಾನು ಓದಿದ್ದನ್ನೆಲ್ಲ ತಲೆಕೆಳಗು ಮಾಡಿದರು. ಬದಲಾಗಿದೆ ಅಂತ ಬಂದಿದೆಯಲ್ಲ, ಒಳ್ಳೆಯ ಸುದ್ದಿ ಅದೇ ಅಂತೆ. ಅಂಥ ಗಡ್ಡೆ ಸಾಮಾನ್ಯವಾಗಿ ನಿಧಾನ. ಇಲ್ಲ ಅಂತ ಬಂದಿದೆಯಲ್ಲ, ಕೊರತೆ ಅದೇ ಅಂತೆ. ಅದು ಇದ್ದಿದ್ದರೆ ಕೀಮೋ ಮಾತ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಇತ್ತು. (ನಾನು ಕೈ ಮುಗಿದಿದ್ದು ಯಾವುದಕ್ಕೆ ನೋಡಿ!)

‘ಡಾಕ್ಟ್ರೇ, ಜೀನ್ ಅಂದ್ರೆ ನಮ್ಮ ರಕ್ತದಲ್ಲೇ ಇದೆಯಾ? ನನಗೂ ಬರುತ್ತಾ? ಮಕ್ಕಳಿಗೆ?’

‘ಇಲ್ಲಮ್ಮ. ಇದು ಆ ಗಡ್ಡೆಯ ಜೀವಕೋಶಗಳಲ್ಲಿ ಆಗಿರೋ ಬದಲಾವಣೆ. ಅಪ್ಪ ಅಮ್ಮನಿಂದ ಬಂದಿದ್ದಲ್ಲ.’

ಸಮಾಧಾನ ಆಗಬೇಕಿತ್ತು. ಆದರೆ ಫೋನ್ ಹಿಡಿದಿದ್ದ ಕಿವಿಯ ಪಕ್ಕದಲ್ಲೇ ಚುಳ್ ಅಂದ ಹಾಗಾಯಿತು. ಈಗಲೂ ಅಷ್ಟೆ, ತಲೆನೋವು ಬಂದರೆ ಕಾಫಿ ಕುಡಿದಿಲ್ಲ ಅನ್ನುವುದಕ್ಕಿಂತ ಮೊದಲು ಅಕ್ಕನ ಸ್ಕ್ಯಾನು ನೆನಪಾಗುತ್ತದೆ.

ಕೊನೆಗೆ ಕೇಳಬಾರದ್ದನ್ನು ಕೇಳಿಯೇಬಿಟ್ಟೆ. ‘ಎಷ್ಟು ದಿನ ಡಾಕ್ಟ್ರೇ?’

‘ಇಂಥ ರಿಪೋರ್ಟ್ ಇರೋ ತುಂಬಾ ಜನರನ್ನ ಒಟ್ಟಿಗೆ ನೋಡಿದ್ರೆ ಒಂದು ಅಂದಾಜು ಹೇಳಬಹುದು. ಆ ಗುಂಪಿನಲ್ಲಿ ನಿಮ್ಮಕ್ಕ ಎಲ್ಲಿ ನಿಂತಿದ್ದಾರೆ ಅಂತ ನನಗೆ ಗೊತ್ತಾಗಲ್ಲಮ್ಮ. ಟ್ರೀಟ್‌ಮೆಂಟ್ ಶುರು ಮಾಡೋಣ, ನೋಡ್ತಾ ಹೋಗೋಣ’ ಅಂದರು.

ಟೆಸ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಇದಿಲ್ಲದಿದ್ದರೆ ಡಾಕ್ಟರು ಕತ್ತಲಲ್ಲಿ ತಡಕಾಡಬೇಕಿತ್ತು. ಹಿಂದಿನವರು ಹಣೆಬರಹ ಬಲ್ಲವರು ಯಾರು ಅಂತ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ಈಗ ಆ ಬರಹದ ಒಂದೆರಡು ಅಕ್ಷರ ನಮಗೆ ಓದಲು ಬರುತ್ತದೆ. ಪೂರ್ತಿ ಬರುವುದಿಲ್ಲ. ಪೂರ್ತಿ ಬಂದಿದ್ದರೆ ಗಟ್ಟಿಯಾಗುತ್ತಿದ್ದೆವೇನೋ. ಏನೂ ಬಾರದಿದ್ದರೆ ಆಸೆಯಲ್ಲಾದರೂ ಇರುತ್ತಿದ್ದೆವು. ಈ ಅರ್ಧಂಬರ್ಧ ಓದು ಇದೆಯಲ್ಲ, ಇದರಷ್ಟು ಭಯ ಇನ್ನೊಂದಿಲ್ಲ.

ನಮ್ಮ ಕಡೆ ಪದ್ಧತಿಯೂ ಚೆಂದ. ಕಾಯಿಲೆ ಒಬ್ಬರದು, ರಿಪೋರ್ಟು ಇನ್ನೊಬ್ಬರ ಕೈಯಲ್ಲಿ. ಸೋದರಮಾವನಿಗೆ ಗೊತ್ತು, ಎದುರು ಮನೆಯವರಿಗೆ ಗೊತ್ತು, ಹಾಲಿನವನಿಗೂ ಗೊತ್ತು. ಹಾಸಿಗೆಯ ಮೇಲಿರುವವರಿಗೆ ಮಾತ್ರ ‘ಏನಿಲ್ಲ, ಸ್ವಲ್ಪ ವೀಕ್‌ನೆಸ್ಸು’.

ಎರಡು ದಿನ ಒದ್ದಾಡಿದೆ. ನಡುವೆ ಅಕ್ಕನೇ ಫೋನ್ ಮಾಡಿದಳು. ‘ಏನ್ ಸಾರು?’ ಅಂದಳು. ‘ಹುರುಳಿಕಾಳು’ ಅಂದೆ. ‘ಇಲ್ಲಿ ಮೋಡ ಆಗೈತೆ’ ಅಂದಳು. ‘ಇಲ್ಲೂ’ ಅಂದೆ. ಅವಳು ಫೋನ್ ಇಡುತ್ತಿಲ್ಲ, ನಾನೂ ಇಡುತ್ತಿಲ್ಲ. ಕೊನೆಗೆ ಸಿಗ್ನಲ್ಲೇ ಹೋಯಿತು. ಇನ್ನು ತಡೆಯಲಾರೆ ಅನ್ನಿಸಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಳ್ಳೆಯದನ್ನು ಮೊದಲು ಹೇಳಬೇಕು. ಇನ್ನೊಂದನ್ನು ನುಂಗಿಕೊಳ್ಳಬೇಕು.

ತೋಟದ ಗೇಟಿಗೆ ಬರುವ ಹೊತ್ತಿಗೆ ಜೋಡಿಸಿದ್ದೆಲ್ಲ ಮರೆತುಹೋಯಿತು. ಅಲ್ಲೊಂದು ಪಿಕಪ್ ನಿಂತಿತ್ತು. ಎಳನೀರು ವ್ಯಾಪಾರಿಯದು.

ಇದರಲ್ಲಿ ಹೆದರುವುದೇನಿದೆ ಅನ್ನಬೇಡಿ. ಬೇರೆಯವರ ತೋಟವಾದರೆ ಏನೂ ಇಲ್ಲ, ಈಗ ಸುಮಾರು ಜನ ಕೊಡುತ್ತಾರೆ. ನಮ್ಮಕ್ಕ ಇಲ್ಲಿಯವರೆಗೆ ಒಂದೇ ಒಂದು ಎಳನೀರು ಮಾರಿದವಳಲ್ಲ. ‘ಹಸುಗೂಸ್ನ ಕಿತ್ತಂಗೆ ಕಣೇ ಅದು’ ಅನ್ನುತ್ತಿದ್ದಳು. ಅವಳದೇನಿದ್ದರೂ ಕೊಬ್ಬರಿ. ಕಾಯಿ ಮರದಲ್ಲೇ ಬಲಿಯಬೇಕು. ಆಮೇಲೆ ಅಟ್ಟ ಸೇರಿ ಹತ್ತಿರ ಹತ್ತಿರ ಒಂದು ವರ್ಷ ಕೂತು, ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗಬೇಕು. ಎಳನೀರಾದರೆ ಇವತ್ತೇ ಕಿತ್ತು ಇವತ್ತೇ ಮುಗಿಯಿತು. ಕೊಬ್ಬರಿ ಅಂದರೆ ವರ್ಷದ ಮೇಲಿನ ಮಾತು.

ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಭಾವ.

‘ಅಕ್ಕಾರೇ, ಬಿಸ್ಲೇರ್ತೈತೆ. ನಮ್ಮೋರ್ನ ಮರ ಹತ್ತುಸ್ಲಾ?’ ಅಂದ ವ್ಯಾಪಾರಿ.

‘ತಡ್ಕಳಪ್ಪ, ನನ್ ತಂಗಿ ಬಂದ್ಲು’ ಅಂದ ಅಕ್ಕ ನನ್ನ ಕಡೆ ತಿರುಗಿದಳು. ‘ಬಾ ಕಣೇ. ನೀನೇ ಹೇಳು. ಈ ಗೊನೆಗಳ್ನ ಎಳನೀರಿಗೆ ಕೊಡ್ಲಾ, ಕೊಬ್ಬರಿಗೆ ಬುಡ್ಲಾ?’

ಭಾವ ನಕ್ಕರು. ‘ಪ್ಯಾಟೇಲಿರೋಳು, ಅವ್ಳಿಗೇನ್ ಗೊತ್ತು ತೋಟದ್ ವಿಷ್ಯ?’

‘ಅವ್ಳಿಗೇ ಗೊತ್ತಿರೋದು’ ಅಂದಳು ಅಕ್ಕ. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

ಅವಳು ಕೇಳುತ್ತಿರುವುದು ಗೊನೆಯ ವಿಷಯವಲ್ಲ. ಅಲ್ಲಿದ್ದವರಲ್ಲಿ ಅದು ನನಗೊಬ್ಬಳಿಗೇ ಅರ್ಥವಾಯಿತು.

‘ಡಾಕ್ಟ್ರು ಏನಂದ್ರು ಗೊತ್ತಾ ಅಕ್ಕ...’

‘ಡಾಕ್ಟ್ರ್ ಮಾತು ಆಮೇಲೆ. ಕಾಯಿ ವಿಷ್ಯ ಕೇಳ್ದೆ.’

ನೀವಾಗಿದ್ದರೆ ಏನನ್ನುತ್ತಿದ್ದಿರಿ? ಕೊಬ್ಬರಿಗೆ ಬಿಡು ಅಂದರೆ ಡಾಕ್ಟರೇ ಕೊಡದ ಭರವಸೆಯನ್ನು ನಾನು ಕೊಟ್ಟ ಹಾಗೆ. ಎಳನೀರಿಗೆ ಕೊಡು ಅನ್ನಲು ಯಾವ ನಾಲಿಗೆ ಏಳುತ್ತದೆ? ಗೊತ್ತಿಲ್ಲ ಅನ್ನುವುದೇ ನಿಜವಾದ ಉತ್ತರ. ಆದರೆ ಅವಳ ಕಿವಿಗೆ ಅದು ಹೇಗೆ ಬೀಳುತ್ತದೆ?

‘ಕೊಬ್ಬರಿಗೇ ಬಿಡಕ್ಕ!’ ಅಂದೆ. ಬೇಕಾದ್ದಕ್ಕಿಂತ ಜೋರಾಗಿ ಅಂದೆ. ಪಿಕಪ್ ಹತ್ತಿರ ಇದ್ದವರೂ ತಿರುಗಿ ನೋಡಿದರು.

ಅಕ್ಕ ಕೈಯಲ್ಲಿದ್ದ ಕಾಫಿ ಕುಡಿದು ಮುಗಿಸಿದಳು. ಆಮೇಲೆ ವ್ಯಾಪಾರಿಯನ್ನು ಕರೆದು, ‘ಬೋರ್‌ವೆಲ್ಲಿಂದ ಆಚೆ ಅರ್ಧ ತೋಟ ಕಿತ್ಕಳಿ. ಈಚೆ ಅರ್ಧ ಮುಟ್ಬೇಡಿ’ ಅಂದಳು. ಭಾವನಿಗೆ, ‘ಈಚೇವು ಬಲಿತ್ಮೇಲೆ ಅಟ್ಟಕ್ಕೆ ಹೆಂಗ್ ಜೋಡುಸ್ಬೇಕು ಅಂತ ತೋರುಸ್ತೀನಿ, ಕಲ್ತ್ಕಳ್ರೀ’ ಅಂದಳು.

‘ನಾನ್ಯಾಕೆ ಕಲೀಲಿ? ನೀನಿರ್ತೀಯಲ್ಲ’ ಅಂದರು ಭಾವ. ಅಂದವರು ನನ್ನ ಮುಖ ನೋಡಿದರು. ಆಮೇಲೆ ಲೋಟ ತೆಗೆದುಕೊಂಡು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೊದಲ ಗೊನೆ ಹಗ್ಗದಲ್ಲಿ ನಿಧಾನಕ್ಕೆ ಇಳಿಯಿತು. ಅಕ್ಕ ಅತ್ತ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಆಪರೇಷನ್ನಿಗೆ ಒಳಗೆ ಹೋಗುವಾಗಲೂ ಹಿಡಿದವಳಲ್ಲ.

‘ಅರ್ಧ ಕೊಬ್ಬರಿಗೆ ಬುಟ್ಟಿದೀನಿ ಕಣೇ. ಜಾಸ್ತಿ ಆಯ್ತಾ?’