ಮಾತಾಡಿಸದೆ ಸಾಕಿದ ಕಾಡುಕುರಿ

ಬೆಳಕು ಹರಿಯುವ ಮುನ್ನವೇ ಅವರು ತರಗೆಲೆಯ ರಾಶಿಯೊಳಗಿಂದ ತಮ್ಮ ಕೋಟನ್ನು ಎಳೆದು, ಕೊಡವಿ ತೊಡುತ್ತಾರೆ. ರಾತ್ರಿಯಿಡೀ ಎಲೆಯಲ್ಲಿ ಹೂತಿಟ್ಟರೆ ಬಟ್ಟೆಗೆ ಮನುಷ್ಯರ ವಾಸನೆ ಉಳಿಯುವುದಿಲ್ಲವಂತೆ. ಕೈಗೆ ಸೋಪಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಬೇಲಿಯ ಕಿಂಡಿಯಿಂದ ಚಿಗುರುಕೊಂಬೆ, ಉದುರಿದ ಹಣ್ಣು ಒಳಗೆ ತಳ್ಳಿ, ಬಂದ ಹಾಗೆಯೇ ಹಿಂದೆ ಸರಿಯುತ್ತಾರೆ. ತುಟಿ ಪಿಟಕ್ಕೆನ್ನುವುದಿಲ್ಲ.

ಕಾಡಂಚಿನ ಈ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮರಿಗಳನ್ನು ಸಾಕುವ ಅವರಿಗೆ 'ಮೌನಗೌರಿ' ಎಂದೇ ಹೆಸರು.

"ಇಲ್ಲಿ ಉಳಿಸಿದ ಮಾತನ್ನೆಲ್ಲ ಮನೆಗೆ ತಂದು ನನ್ನ ತಲೆ ಮೇಲೆ ಸುರೀತಾಳೆ," ಎನ್ನುತ್ತಾರೆ ಇಲ್ಲಿಯೇ ಜೀಪು ಓಡಿಸುವ ಅವರ ಗಂಡ.

"ನೀವು ಸುಮ್ನಿರಿ. ಕಾಡುಕುರಿಗಿರೋ ಕಿವಿ ನಿಮಗೆಲ್ಲಿದೆ!"

ಬೇಲಿಯೊಳಗಿರುವುದು ಗಂಡು ಕಾಡುಕುರಿ. ಹೆಸರಿಗೆ ಕುರಿ, ಜಾತಿಯಲ್ಲಿ ಜಿಂಕೆ. ಎತ್ತರ ಮೊಣಕಾಲಿನಿಂದ ತುಸು ಮೇಲೆ. ಮೈ ಕೆಂಗಂದು, ಹಣೆಗೆ ಕಾಡಿಗೆ ತೀಡಿದಂತೆ ಎರಡು ಕಪ್ಪು ಗೆರೆ, ಅವುಗಳ ತುದಿಯಲ್ಲಿ ಈಗಷ್ಟೇ ಮೂಡುತ್ತಿರುವ ಕೋಡು. ಹಿಂಡು ಕಟ್ಟುವ ಜೀವವಲ್ಲ. ನೀರಿನ ಹತ್ತಿರದ ಪೊದೆಯಲ್ಲಿ ಅಡಗಿದ್ದು, ಬೆಳಗು ಬೈಗಿನಲ್ಲಿ ಮೆಲ್ಲನೆ ಮೇಯುತ್ತದೆ.

"ಒಂಟಿ ಜೀವ. ಅದಕ್ಕೆ ಭಯಾನೇ ಕಾವಲು, ಭಯಾನೇ ಬಂಧು. ಅದನ್ನ ನಾವು ಕಿತ್ಕೋಬಾರದು," ಎನ್ನುತ್ತಾರೆ ಮೌನಗೌರಿ.

ತಾಯಿ ಲಾರಿಗೆ ಸಿಕ್ಕಿ ಸತ್ತಾಗ ಇದರ ಮೈಮೇಲಿನ ಮರಿಚುಕ್ಕೆ ಇನ್ನೂ ಮಾಸಿರಲಿಲ್ಲ. ಗೋಣಿಪರದೆಯ ಹಿಂದೆ ಕೂತು, ತೂತಿನಿಂದ ಬಾಟಲಿ ಚಾಚಿ, ದಿನಕ್ಕೆ ಐದು ಹೊತ್ತು ಆಡಿನ ಹಾಲು ಕುಡಿಸಿದರು. ಮುಖ ತೋರಿಸಲಿಲ್ಲ. ಹಿಂದೊಮ್ಮೆ ಕೇಂದ್ರದವರೆಲ್ಲ ಮುದ್ದಾಡಿ ಬೆಳೆಸಿದ ಮರಿಯೊಂದು, ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ದನಿ ಕೇಳಿದತ್ತಲೇ ಓಡಿತ್ತು. ಅಲ್ಲಿದ್ದವರು ಬೇಟೆಗಾರರು.

"ನಮ್ಮ ಮುದ್ದೇ ಅದಕ್ಕೆ ಉರುಳಾಯ್ತು," ಎನ್ನುತ್ತಾರೆ ಮೌನಗೌರಿ.

ಇಂದು ಪರೀಕ್ಷೆ. ಕಾಡಿನ ಕಡೆಯ ಬಾಗಿಲು ತೆರೆದಿದೆ.

"ಕರೀರಿ ಅಕ್ಕ," ಎನ್ನುತ್ತಾರೆ ಕೇಂದ್ರದ ಡಾಕ್ಟರಮ್ಮ. "ನಿಮ್ಮ ಹತ್ರ ಬಂದ್ರೆ ಬಾಗಿಲು ಹಾಕಿಬಿಡೋಣ. ಆಮೇಲೆ ಅದಕ್ಕೆ ಜೀವಮಾನವೆಲ್ಲ ಬೇಲಿಯೇ ಗತಿ."

ಅವರು ಬೇಲಿಯ ಮುಂದೆ ನಿಂತು, ಮೊದಲ ಸಲ ಅದರೆದುರು ಬಾಯಿ ತೆರೆಯುತ್ತಾರೆ. "ಬಾ ಕಂದ."

ಕಾಡುಕುರಿ ತಲೆಯೆತ್ತುತ್ತದೆ. ಎತ್ತಿದ ಕಾಲು ಗಾಳಿಯಲ್ಲೇ ನಿಲ್ಲುತ್ತದೆ. ಮರುಕ್ಷಣ ಅಷ್ಟು ಪುಟ್ಟ ಮೈಯಿಂದ, ನಾಯಿ ಬೊಗಳಿದಂಥ ಒರಟು ದನಿ. ಅಪಾಯ ಕಂಡಾಗ ಈ ಜಿಂಕೆಗಳು ಹಾಕುವ ಕೂಗು ಅದು. ಬಾಲದಡಿಯ ಬಿಳುಪು ಹೊರಗಿನ ಪೊದೆಯಲ್ಲೊಮ್ಮೆ ಮಿಂಚಿ ಮಾಯವಾಗುತ್ತದೆ.

"ನೋಡೇ, ಹಾಲು ಕುಡಿಸಿದವಳಿಗೇ ಬೊಗಳಿ ಹೋಯ್ತು!" ಗಂಡ ಕಿಚಾಯಿಸುತ್ತಾರೆ.

ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ಬೊಗಳಲಿ ಬಿಡಿ. ನಾನು ಕರೆದ್ರೇ ಬರಲಿಲ್ಲ. ಇನ್ಯಾರು ಕರೆದ್ರೂ ಹೋಗಲ್ಲ ಅದು."